ಸಾವಿತ್ರಿಬಾಯಿ ಫುಲೆ: ಹೆಸರು ಕೇಳದೆ ತೆರೆದ ಬಾಗಿಲು

ಈ ಸುದ್ದಿ ಆಗಾಗ ನಮ್ಮ ಮೊಬೈಲಿಗೆ ಬಂದು ಬೀಳುತ್ತಲೇ ಇರುತ್ತೆ. ಕಸದ ತೊಟ್ಟಿಯ ಪಕ್ಕದಲ್ಲೋ, ಬಸ್ ನಿಲ್ದಾಣದ ಶೌಚಾಲಯದಲ್ಲೋ, ಕೆರೆ ಏರಿಯ ಪೊದೆಯಲ್ಲೋ ಬಟ್ಟೆ ಸುತ್ತಿದ ಹಸುಗೂಸು. ಕೆಲವೊಮ್ಮೆ ಉಸಿರಿರುತ್ತೆ, ಕೆಲವೊಮ್ಮೆ ಇರೋದಿಲ್ಲ. ಕೆಳಗೆ ನೂರಾರು ಕಮೆಂಟುಗಳು: ಇವಳೂ ಒಬ್ಬ ತಾಯಿಯಾ, ಹೆತ್ತವಳನ್ನು ನೇಣಿಗೆ ಹಾಕಿ, ಪಾಪದ ಕೂಸು. ಸಿಸಿಟಿವಿ ನೋಡಿ ಪೊಲೀಸರು ಹುಡುಕುವುದು ಅವಳನ್ನೇ. ಆ ಮಗುವಿಗೆ ಒಬ್ಬ ಅಪ್ಪನೂ ಇರಬೇಕಲ್ಲ ಅನ್ನೋದು ಯಾರಿಗೂ ಹೊಳೆಯುವುದಿಲ್ಲ. ಎಲ್ಲಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆಯನ್ನಂತೂ ಯಾರೂ ಕೇಳುವುದೇ ಇಲ್ಲ: ಆ ರಾತ್ರಿ ಅವಳು ಮಗುವನ್ನು ಎತ್ತಿಕೊಂಡು ಹೋಗಿ ಧೈರ್ಯವಾಗಿ ತಟ್ಟಬಹುದಾಗಿದ್ದ ಒಂದು ಬಾಗಿಲು ಆ ಊರಿನಲ್ಲಿ ಇತ್ತಾ?

ಅಮೆರಿಕದಲ್ಲಿ ಈ ಪ್ರಶ್ನೆಗೆ ಕಾನೂನು ಒಂದು ಉತ್ತರ ಕೊಟ್ಟಿದೆ. 1999ರಲ್ಲಿ ಟೆಕ್ಸಾಸ್ ರಾಜ್ಯ ಶುರು ಮಾಡಿದ್ದನ್ನು ಮುಂದಿನ ಒಂಬತ್ತು ವರ್ಷಗಳಲ್ಲಿ 50 ರಾಜ್ಯಗಳೂ ಒಪ್ಪಿಕೊಂಡವು. ಸಾಕಲಾಗದ ನವಜಾತ ಶಿಶುವನ್ನು ಆಸ್ಪತ್ರೆಯಲ್ಲಿ, ಬಹಳ ರಾಜ್ಯಗಳಲ್ಲಿ ಅಗ್ನಿಶಾಮಕ ಠಾಣೆಯಲ್ಲೂ, ಅಲ್ಲಿನ ಸಿಬ್ಬಂದಿಯ ಕೈಗೆ ಕೊಟ್ಟು ಬರಬಹುದು. ಮಗುವಿಗೆ ಏನೂ ಹಾನಿಯಾಗಿಲ್ಲದಿದ್ದರೆ ಹೆಸರು ಕೇಳುವುದಿಲ್ಲ, ಕೇಸು ಹಾಕುವುದಿಲ್ಲ. ಅಗ್ನಿಶಾಮಕ ಠಾಣೆಯೇ ಯಾಕೆ ಅಂದರೆ ಅದು ಎಲ್ಲ ಊರಲ್ಲೂ ಇರುತ್ತೆ, ಎಲ್ಲರಿಗೂ ದಾರಿ ಗೊತ್ತಿರುತ್ತೆ, ಪ್ರಥಮ ಚಿಕಿತ್ಸೆ ಬಲ್ಲವರು ಅಲ್ಲಿರುತ್ತಾರೆ.

ಇದನ್ನು ಓದಿದಾಗ ಇಂಥದ್ದೆಲ್ಲ ಆ ದೇಶಗಳಲ್ಲಿ ಮಾತ್ರ ಸಾಧ್ಯ ಅಂತ ನಮ್ಮಲ್ಲಿ ಅನೇಕರಿಗೆ ಅನಿಸುತ್ತೆ. ಆದರೆ ಟೆಕ್ಸಾಸಿನ ಕಾನೂನಿಗಿಂತ 136 ವರ್ಷ ಮೊದಲೇ ನಮ್ಮ ಪಕ್ಕದ ಪುಣೆಯಲ್ಲಿ ಅಂಥ ಒಂದು ಬಾಗಿಲಿತ್ತು. ಅದನ್ನು ತೆರೆದದ್ದು ಸರ್ಕಾರ ಅಲ್ಲ, ಮಠ ಅಲ್ಲ. ಮಾಳಿ ಜಾತಿಯ ಒಂದು ಜೋಡಿ, ಅದೂ ತಮ್ಮದೇ ಮನೆಯ ಆವರಣದಲ್ಲಿ. ಆ ಜೋಡಿಯಲ್ಲಿ ಒಬ್ಬರ ಭಾವಚಿತ್ರಕ್ಕೆ ನಾವು ಪ್ರತಿ ವರ್ಷ ಜನವರಿ 3ಕ್ಕೆ ಹೂವಿನ ಹಾರ ಹಾಕುತ್ತೇವೆ. ಮೊದಲ ಶಿಕ್ಷಕಿ ಅಂತ ಹೇಳಿ, ಫೋಟೋ ತೆಗೆದು, ಸ್ಟೇಟಸ್ ಹಾಕಿ ಸುಮ್ಮನಾಗುತ್ತೇವೆ. ಸಾವಿತ್ರಿಬಾಯಿ ಫುಲೆಯವರ ಬದುಕಿನ ಇನ್ನೊಂದು ಅರ್ಧ ನಮಗೆ ಗೊತ್ತಾಗದೆಯೇ ಉಳಿದುಬಿಡುತ್ತೆ.

ಆಶ್ರಯದ ಬೆಲೆ ಗೊತ್ತಿದ್ದವಳು

ಸಾವಿತ್ರಿಬಾಯಿ ಹುಟ್ಟಿದ್ದು 1831ರ ಜನವರಿ 3ರಂದು, ಸಾತಾರಾ ಜಿಲ್ಲೆಯ ನಾಯ್‌ಗಾಂವ್‌ನಲ್ಲಿ. ತಂದೆ ಖಂಡೋಜಿ ನೇವಸೆ ಪಾಟೀಲ್. 1840ರಲ್ಲಿ ಮದುವೆಯಾದಾಗ ಅವರಿಗೆ ಒಂಬತ್ತು ವರ್ಷ, ಜ್ಯೋತಿಬಾಗೆ ಹದಿಮೂರು. ಅಕ್ಷರ ಕಲಿತದ್ದು ಮದುವೆಯ ನಂತರ, ಗಂಡನಿಂದಲೇ. ಆಮೇಲೆ ಶಿಕ್ಷಕಿಯ ತರಬೇತಿ ಪಡೆದರು. 1848ರಲ್ಲಿ ಪುಣೆಯ ಭಿಡೇವಾಡಾದಲ್ಲಿ ಹೆಣ್ಣುಮಕ್ಕಳ ಶಾಲೆ ಶುರುವಾದಾಗ ಸಾವಿತ್ರಿಬಾಯಿಗೆ ಹದಿನೇಳು ವರ್ಷ. ಈಗಿನ ಲೆಕ್ಕದಲ್ಲಿ ಪಿಯುಸಿ ಓದುವ ಹುಡುಗಿ.

ಶಾಲೆಗೆ ಹೋಗುವ ದಾರಿಯಲ್ಲಿ ಅವರ ಮೇಲೆ ಸಗಣಿ, ಕೆಸರು ಎರಚಿದ ಕತೆ ನಮಗೆಲ್ಲ ಗೊತ್ತಿರೋದೇ. ಚೀಲದಲ್ಲಿ ಇನ್ನೊಂದು ಸೀರೆ ಇಟ್ಟುಕೊಂಡು ಹೋಗಿ, ಶಾಲೆಯಲ್ಲಿ ಬದಲಾಯಿಸಿ ಪಾಠ ಮಾಡುತ್ತಿದ್ದರು. ಆದರೆ ಅದಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ಮನೆಯೊಳಗೆ. ಶೂದ್ರ, ಅತಿಶೂದ್ರ ಮಕ್ಕಳಿಗೆ ಕಲಿಸುವುದು ಧರ್ಮಕ್ಕೆ ವಿರುದ್ಧ ಅಂತ ಊರವರು ಜ್ಯೋತಿಬಾರ ತಂದೆ ಗೋವಿಂದರಾಯರ ಕಿವಿ ಊದಿದರು. ಒಂದೋ ಶಾಲೆ ಬಿಡಿ, ಇಲ್ಲ ಮನೆ ಬಿಡಿ ಅನ್ನೋ ಮಾತು ಬಂತು. 1849ರಲ್ಲಿ ಇಬ್ಬರೂ ಉಟ್ಟ ಬಟ್ಟೆಯಲ್ಲೇ ಮನೆ ಬಿಟ್ಟರು. ಆಗ ಅವರಿಗೆ ಜಾಗ ಕೊಟ್ಟಿದ್ದು ಉಸ್ಮಾನ್ ಶೇಖ್ ಎಂಬ ಮುಸ್ಲಿಂ ಗೆಳೆಯ. ಆ ಮನೆಯ ಫಾತಿಮಾ ಶೇಖ್ ಸಾವಿತ್ರಿಬಾಯಿಯ ಸಂಗಾತಿಯಾದರು, ಶಾಲೆಯಲ್ಲಿ ಜೊತೆಗೆ ನಿಂತರು.

ಇದನ್ನು ಯಾಕೆ ನೆನಪಿಟ್ಟುಕೊಳ್ಳಬೇಕು ಅಂದರೆ, ಹೊತ್ತಿಲ್ಲದ ಹೊತ್ತಿನಲ್ಲಿ ಒಂದು ಬಾಗಿಲು ತೆರೆಯುವುದು ಏನು ಅಂತ ಸಾವಿತ್ರಿಬಾಯಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಹದಿನೆಂಟನೇ ವಯಸ್ಸಿಗೇ ಅವರು ಅದನ್ನು ಉಂಡವರು.

1851ರ ಹೊತ್ತಿಗೆ ಪುಣೆಯಲ್ಲಿ ಅವರ ಮೂರು ಶಾಲೆಗಳಿದ್ದವು, ಸುಮಾರು 150 ಹುಡುಗಿಯರು ಓದುತ್ತಿದ್ದರು. 1854ರಲ್ಲಿ ಅವರ ಕವನ ಸಂಕಲನ ಕಾವ್ಯಫುಲೆ ಬಂತು. ನಾವು ಸಾಮಾನ್ಯವಾಗಿ ಕತೆಯನ್ನು ಇಲ್ಲಿಗೇ ನಿಲ್ಲಿಸುತ್ತೇವೆ. ಆಗ ಅವರಿಗೆ ಇನ್ನೂ ಇಪ್ಪತ್ತಮೂರು. ಮುಂದೆ ನಾಲ್ಕು ದಶಕಗಳ ಕೆಲಸ ಬಾಕಿಯಿತ್ತು.

ಒಂದು ಬಾವಿ, ಒಂದು ವಿಚಾರಣೆ

ಪುಣೆಯ ಬ್ರಾಹ್ಮಣ ಮನೆಗಳಲ್ಲಿ ಆಗ ಏಳೆಂಟು ವರ್ಷಕ್ಕೇ ಹೆಣ್ಣುಮಕ್ಕಳ ಮದುವೆ. ಗಂಡು ಕೆಲವೊಮ್ಮೆ ನಲವತ್ತು ದಾಟಿದವನು. ಅವನು ಸತ್ತರೆ ಹುಡುಗಿ ವಿಧವೆ. ತಲೆ ಬೋಳಿಸಿ, ಒರಟು ಸೀರೆ ಉಡಿಸಿ, ಒಪ್ಪೊತ್ತು ಊಟ ಹಾಕಿ, ಮನೆಯ ಮೂಲೆಯಲ್ಲಿ ಕೂರಿಸಿದರೆ ಮುಗೀತು. ಎಂ.ಕೆ. ಇಂದಿರಾ ಅವರ ಫಣಿಯಮ್ಮ ಓದಿದವರಿಗೆ ಆ ಮೂಲೆ ಹೇಗಿರುತ್ತೆ ಅಂತ ಗೊತ್ತು. 1856ರಲ್ಲಿ ವಿಧವಾ ಮರುವಿವಾಹಕ್ಕೆ ಬ್ರಿಟಿಷ್ ಸರ್ಕಾರ ಕಾನೂನಿನ ಒಪ್ಪಿಗೆ ಕೊಟ್ಟಿತು, ಸರಿ. ಆದರೆ ಕಾನೂನು ಒಪ್ಪಿದ್ದನ್ನು ಮನೆಯ ಹಿರಿಯರು ಒಪ್ಪಬೇಕಲ್ಲ? ಶೂದ್ರ ಜಾತಿಗಳಲ್ಲಿ ಈ ಕಟ್ಟು ಇಷ್ಟು ಬಿಗಿಯಾಗಿರಲಿಲ್ಲ. ನಮ್ಮಲ್ಲಿ ಕೂಡಿಕೆ, ಸೀರುಡಿಕೆ ಅನ್ನೋ ಹಾಗೆ ಅಲ್ಲಿ ಪಾಟ್ ಅನ್ನೋ ಪದ್ಧತಿಯಿತ್ತು, ಗಂಡ ಸತ್ತವಳು ಇನ್ನೊಬ್ಬನ ಜೊತೆ ಬದುಕು ಕಟ್ಟಿಕೊಳ್ಳಬಹುದಿತ್ತು. ಜಾತಿಯ ಏಣಿಯಲ್ಲಿ ಮೇಲಕ್ಕೆ ಹೋದಷ್ಟೂ ಹೆಣ್ಣಿನ ಬಂಧನ ಬಿಗಿ.

ಮೂಲೆಯಲ್ಲಿ ಕೂತ ಆ ಹದಿಹರೆಯದ ಹುಡುಗಿಯರಿಗೆ ಮನೆಯೇ ಅಪಾಯ. ಮೈದುನ, ಮಾವ, ನೆರೆಮನೆಯ ಪಂಡಿತ, ಯಾರು ಬೇಕಾದರೂ ಕೈ ಹಾಕಬಹುದು. ಬಸಿರಾದರೆ ತಪ್ಪು ಅವಳದು. ಆಗ ಅವಳ ಮುಂದೆ ಇದ್ದದ್ದು ಮೂರೇ ದಾರಿ: ಬಸಿರು ಇಳಿಸುವ ವಿಷದ ಮದ್ದು, ಹುಟ್ಟಿದ ಕೂಸನ್ನು ಕೊಲ್ಲುವುದು, ಇಲ್ಲ ತಾನೇ ಸಾಯುವುದು.

ಜ್ಯೋತಿಬಾರ ಗೆಳೆಯ ಸದಾಶಿವ ಬಲ್ಲಾಳ ಗೋವಂಡೆಯವರ ಮನೆಯಲ್ಲಿ ಕಾಶೀಬಾಯಿ ಎಂಬ ಬ್ರಾಹ್ಮಣ ವಿಧವೆ ಅಡುಗೆ ಮಾಡಿಕೊಂಡಿದ್ದರು. ಬಡವಿ, ಇನ್ನೂ ಚಿಕ್ಕ ವಯಸ್ಸು. ನೆರೆಯ ಒಬ್ಬ ಶಾಸ್ತ್ರಿಯಿಂದ ಬಸಿರಾದರು. ಬಸಿರು ಇಳಿಸಲು ಪಟ್ಟ ಪ್ರಯತ್ನ ಫಲಿಸಲಿಲ್ಲ. ಗಂಡುಮಗು ಹುಟ್ಟಿತು. ಶಾಸ್ತ್ರಿ ಕೈ ತೊಳೆದುಕೊಂಡ. ದಿಕ್ಕು ಕಾಣದ ಕಾಶೀಬಾಯಿ ಆ ಮಗುವನ್ನು ಕೊಂದು ಮನೆಯ ಹಿಂದಿನ ಬಾವಿಗೆ ಹಾಕಿದರು. ಹೆಣ ಸಿಕ್ಕಿತು, ಪೊಲೀಸರು ಬಂದರು, ಪುಣೆಯ ನ್ಯಾಯಾಲಯದಲ್ಲಿ ವಿಚಾರಣೆ ನಡೆಯಿತು. ಶಿಕ್ಷೆ: ಜೀವಾವಧಿ, ಅಂಡಮಾನಿನ ಕರಿನೀರು. ಶಾಸ್ತ್ರಿಗೆ ಏನೂ ಆಗಲಿಲ್ಲ.

ನ್ಯಾಯಾಲಯಕ್ಕೆ ಅಲ್ಲಿ ಕಂಡದ್ದು ಒಬ್ಬ ಕೊಲೆಗಾರ್ತಿ. ಊರಿಗೆ ಕಂಡದ್ದು ಒಬ್ಬ ಹಾದರಗಿತ್ತಿ. ಗಂಜ್ ಪೇಟೆಯ ಫುಲೆ ದಂಪತಿಗೆ ಕಂಡದ್ದು ಬೇರೆ. ಕೂಸು ಹುಟ್ಟಿದ ಆ ಗಳಿಗೆಯಲ್ಲಿ ಹೋಗುವುದಕ್ಕೆ ಒಂದು ಜಾಗ ಇದ್ದಿದ್ದರೆ ಇವತ್ತು ಎರಡು ಜೀವ ಉಳಿಯುತ್ತಿತ್ತು ಅನ್ನೋ ಲೆಕ್ಕ.

ಬೀದಿ ಮೂಲೆಯ ಕಾಗದ

ವಿಚಾರಣೆ ಮುಗಿದ ಬೆನ್ನಿಗೇ, 1863ರಲ್ಲಿ, ಅವರು ತಮ್ಮ ಮನೆಯ ಆವರಣದಲ್ಲೇ ಬಾಲಹತ್ಯಾ ಪ್ರತಿಬಂಧಕ ಗೃಹವನ್ನು ತೆರೆದರು. ಹೆಸರೇ ಹೇಳುವ ಹಾಗೆ, ಕೂಸುಗಳ ಕೊಲೆ ತಡೆಯುವ ಮನೆ. ಆಮೇಲೆ ಒಂದು ಕಾಗದ ಅಚ್ಚು ಹಾಕಿಸಿ ಬ್ರಾಹ್ಮಣರು ವಾಸಿಸುವ ಬೀದಿಗಳ ಮೂಲೆ ಮೂಲೆಯ ಗೋಡೆಗೆ ಅಂಟಿಸಿದರು. ಅದರ ಸಾರಾಂಶ ಇಷ್ಟೇ: ಬಸಿರಾದ ವಿಧವೆಯರು ಇಲ್ಲಿಗೆ ಬಂದು ಗುಟ್ಟಾಗಿ, ಸುರಕ್ಷಿತವಾಗಿ ಹೆರಬಹುದು. ಮಗುವನ್ನು ಜೊತೆಗೆ ಕರೆದುಕೊಂಡು ಹೋಗುವುದೋ ಇಲ್ಲೇ ಬಿಡುವುದೋ ಅವರ ಇಷ್ಟ. ಬಿಟ್ಟುಹೋದ ಮಗುವನ್ನು ಈ ಮನೆ ಸಾಕುತ್ತೆ.

ಈ ಮೂರು ಮಾತುಗಳನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಯಾರಿಂದ ಬಸಿರಾದೆ ಅನ್ನೋ ಪ್ರಶ್ನೆ ಇಲ್ಲ. ಪಶ್ಚಾತ್ತಾಪದ ಷರತ್ತು ಇಲ್ಲ. ಮಗುವನ್ನು ಇಟ್ಟುಕೋ ಅಂತ ಒತ್ತಾಯ ಇಲ್ಲ, ಬಿಟ್ಟುಹೋಗು ಅಂತಲೂ ಇಲ್ಲ. ತೀರ್ಮಾನ ಅವಳದು. ಇವತ್ತಿನ ಭಾಷೆಯಲ್ಲಿ ನಾವು ದೇಹದ ಹಕ್ಕು, ಖಾಸಗಿತನ, ಆಯ್ಕೆ ಅಂತೆಲ್ಲ ಮಾತಾಡುತ್ತೇವಲ್ಲ, ಅದೆಲ್ಲ ಆ ಒಂದು ಕಾಗದದಲ್ಲಿ ಇತ್ತು.

ಆ ಕಾಗದ ಅಂಟಿಸಿದ ಬೀದಿಗಳು ಯಾವುವು ಅನ್ನೋದೂ ಮುಖ್ಯ. ಸಾವಿತ್ರಿಬಾಯಿಯ ಶಾಲೆಯನ್ನು ಧರ್ಮದ್ರೋಹ ಅಂತ ಕರೆದ ಜನರ ಬೀದಿಗಳವು. ಅದೇ ಮನೆಗಳ ಹೆಣ್ಣುಮಕ್ಕಳಿಗೆ ಬಾಣಂತನ ಮಾಡಲು ಅವರು ತಯಾರಾದರು. ಇದನ್ನು ದೊಡ್ಡ ಮನಸ್ಸು, ಕ್ಷಮೆ ಅಂತೆಲ್ಲ ಹೇಳಿ ಅವರನ್ನು ದೇವಿ ಮಾಡಿಬಿಡುವುದು ಸುಲಭ. ಆದರೆ ಇದು ರಾಜಕೀಯ ತಿಳಿವಳಿಕೆ. ಜಾತಿ ವ್ಯವಸ್ಥೆ ಶೂದ್ರರನ್ನು, ದಲಿತರನ್ನು ಹೊರಗಿಟ್ಟು ತುಳಿಯುತ್ತೆ, ಮೇಲ್ಜಾತಿಯ ಹೆಣ್ಣನ್ನು ಒಳಗಿಟ್ಟು ತುಳಿಯುತ್ತೆ, ಎರಡೂ ಒಂದೇ ಯಂತ್ರದ ಕೆಲಸ ಅನ್ನೋದು ಅವರಿಗೆ ಗೊತ್ತಿತ್ತು. ಹೆಣ್ಣಿನ ಬಸಿರನ್ನು ಕಾಯದೆ ಜಾತಿಯನ್ನು ಕಾಯೋಕೆ ಆಗಲ್ಲ. ಹಾಗಾಗಿ ಆ ಬಸಿರಿಗೆ ಆಸರೆ ಕೊಡುವುದೂ ಜಾತಿಯ ವಿರುದ್ಧದ ಕೆಲಸವೇ. 1868ರಲ್ಲಿ ಅದೇ ಮನೆಯ ನೀರಿನ ತೊಟ್ಟಿಯನ್ನು ಅಸ್ಪೃಶ್ಯರಿಗೆ ತೆರೆದರು. ಒಂದೇ ಅಂಗಳದಲ್ಲಿ ಒಂದು ಕಡೆ ದಲಿತರು ನೀರು ತುಂಬಿಕೊಳ್ಳುವುದು, ಇನ್ನೊಂದು ಕಡೆ ಬ್ರಾಹ್ಮಣ ವಿಧವೆಯ ಬಾಣಂತನ. ಆ ಕಾಲದ ಪುಣೆಗೆ ಇದಕ್ಕಿಂತ ಅಪಾಯಕಾರಿ ಅಂಗಳ ಇನ್ನೊಂದಿರಲಿಲ್ಲ.

ಐದು ಮಕ್ಕಳು

ಈ ಮನೆಯ ಬಗ್ಗೆ ನಮಗೆ ಗೊತ್ತಿರುವ ಲೆಕ್ಕ ಸಿಗುವುದು 1884ರ ಡಿಸೆಂಬರ್ 4ರಂದು ಜ್ಯೋತಿಬಾ ಸರ್ಕಾರಕ್ಕೆ ಬರೆದು ಕಳಿಸಿದ ಟಿಪ್ಪಣಿಯಲ್ಲಿ. ಬಾಲ್ಯವಿವಾಹ ಮತ್ತು ಬಲವಂತದ ವೈಧವ್ಯದ ಬಗ್ಗೆ ಬೆಹ್ರಾಮ್‌ಜಿ ಮಲಬಾರಿ ಎತ್ತಿದ ಚರ್ಚೆಗೆ ಕೊಟ್ಟ ಅಭಿಪ್ರಾಯ ಅದು. ಕಾಶೀಬಾಯಿಯ ಪ್ರಕರಣವನ್ನು ವಿವರಿಸಿ, ಅಲ್ಲಿಯವರೆಗೆ 35 ಬಸುರಿ ವಿಧವೆಯರು ತಮ್ಮಲ್ಲಿ ಬಂದು ಹೆತ್ತರು ಅಂತ ಅವರು ತಿಳಿಸುತ್ತಾರೆ. ಹುಟ್ಟಿದ ಮಕ್ಕಳಲ್ಲಿ ಬದುಕಿದ್ದದ್ದು ಐದು. 30 ಮಕ್ಕಳು ಸತ್ತವು. ಬಸಿರು ಮುಚ್ಚಿಡಲು ತಾಯಂದಿರು ಮೊದಲೇ ಕುಡಿದಿರಬಹುದಾದ ವಿಷದ ಮದ್ದುಗಳಿಂದ ಆ ಕೂಸುಗಳಿಗೆ ಹೊಟ್ಟೆಯಲ್ಲೇ ಹಾನಿಯಾಗಿತ್ತು ಅನ್ನುವುದು ಅವರು ಕೊಡುವ ಕಾರಣ.

ಜನವರಿ 3ರ ಭಾಷಣಗಳಲ್ಲಿ 35 ಅನ್ನೋ ಸಂಖ್ಯೆ ಬಂದರೂ ಐದು ಅನ್ನೋದು ಬರುವುದಿಲ್ಲ. ಆದರೆ ಆ ಐದರಲ್ಲೇ ನಿಜವಾದ ಪಾಠ ಇದೆ. ಬಾಗಿಲು ತೆರೆದಿದ್ದರೂ ಹೆಂಗಸರು ಅಲ್ಲಿಗೆ ತಲುಪುವ ಹೊತ್ತಿಗೆ ತಡವಾಗಿರುತ್ತಿತ್ತು. ತಿಂಗಳುಗಟ್ಟಲೆ ಹೊಟ್ಟೆ ಮುಚ್ಚಿಟ್ಟು, ಸಿಕ್ಕ ಸಿಕ್ಕ ಕಷಾಯ ಕುಡಿದು, ಯಾವುದೂ ನಡೆಯದೆ ಕೊನೆಗೆ ಬಂದವರು. ಕೂಸನ್ನು ಕೊಲ್ಲುತ್ತಿದ್ದದ್ದು ಹುಟ್ಟಿದ ಮೇಲಿನ ಒಂದು ಕ್ಷಣದ ಕ್ರೌರ್ಯ ಮಾತ್ರ ಅಲ್ಲ, ಅದಕ್ಕೂ ಒಂಬತ್ತು ತಿಂಗಳ ಮೊದಲೇ ಶುರುವಾಗುವ ಭಯ.

ಇನ್ನೂ ಒಂದು ಮಾತಿದೆ. ಆ ಟಿಪ್ಪಣಿಯಲ್ಲಿ ಸಹಿ ಜ್ಯೋತಿಬಾರದು. ಸರ್ಕಾರಿ ಕಾಗದಗಳಲ್ಲಿ ಗಂಡಸರ ಸಹಿಯೇ ಇರುತ್ತಿತ್ತು. ಆದರೆ ಹೆರಿಗೆಯ ಮನೆ ನಡೆಯುವುದು ಸಹಿಯಿಂದ ಅಲ್ಲ. ಹೊತ್ತಲ್ಲದ ಹೊತ್ತಿನಲ್ಲಿ ಬಂದವಳನ್ನು ಒಳಗೆ ಕರೆದು ಕೂರಿಸುವುದು, ನೀರು ಕಾಯಿಸುವುದು, ರಕ್ತದ ಬಟ್ಟೆ ಒಗೆಯುವುದು, ತಾಯಿ ಬಿಟ್ಟುಹೋದ ಕೂಸಿಗೆ ಹಾಲು ಹೊಂಚುವುದು, ಸತ್ತ ಕೂಸನ್ನು ಎತ್ತಿ ಕೊಡುವುದು, ಇವೆಲ್ಲ ಹೆಂಗಸರ ಪಾಲಿನ ಕೆಲಸ. ಆ ಮನೆಯನ್ನು ನಿಭಾಯಿಸಿದವರು ಸಾವಿತ್ರಿಬಾಯಿ. ಮೂವತ್ತು ಸಾವುಗಳನ್ನು ನೋಡಿದ ಮೇಲೂ ಬಾಗಿಲು ಹಾಕಲಿಲ್ಲ.

ನಮ್ಮ ಕನ್ನಡದಲ್ಲೇ ಇದಕ್ಕೆ ಇನ್ನೊಂದು ಮುಖ ಇದೆ. ಯು.ಆರ್. ಅನಂತಮೂರ್ತಿಯವರ ಘಟಶ್ರಾದ್ಧ ಕತೆ, 1977ರಲ್ಲಿ ಗಿರೀಶ ಕಾಸರವಳ್ಳಿ ಅದನ್ನು ಸಿನಿಮಾ ಮಾಡಿದರು. ಅಗ್ರಹಾರದ ಬಾಲವಿಧವೆ ಯಮುನಾ ಬಸಿರಾಗುತ್ತಾಳೆ, ಬಸಿರು ತೆಗೆಸಿಕೊಳ್ಳುತ್ತಾಳೆ, ಕೊನೆಗೆ ಬದುಕಿರುವಾಗಲೇ ಹೆತ್ತ ಅಪ್ಪ ಅವಳ ಶ್ರಾದ್ಧ ಮಾಡಿಬಿಡುತ್ತಾನೆ. ಆ ಕತೆ ನೋಡಿ ಹೊರಬಂದಾಗ ಎದೆ ಭಾರವಾಗುತ್ತೆ, ಯಾಕಂದ್ರೆ ಇಡೀ ಅಗ್ರಹಾರದಲ್ಲಿ ಯಮುನಾಗೆ ಹೋಗುವುದಕ್ಕೆ ಒಂದು ಮನೆ ಇಲ್ಲ. ಗಂಜ್ ಪೇಟೆಯ ಮನೆ ಮಾಡಿದ್ದು ಇಷ್ಟೇ. ಯಮುನಾಳಂಥವರಿಗೆ ಒಂದು ಮನೆಯಾಯಿತು.

ನಾಯ್‌ಗಾಂವ್‌ನ ಆ ದಿನ

ಸಾವಿತ್ರಿಬಾಯಿ ಜ್ಯೋತಿಬಾಗೆ ಬರೆದ ಮೂರು ಪತ್ರಗಳು ಉಳಿದುಕೊಂಡಿವೆ. ಅದರಲ್ಲಿ ಒಂದು 1868ರ ಆಗಸ್ಟ್ 29ರದ್ದು, ತವರೂರು ನಾಯ್‌ಗಾಂವ್‌ನಿಂದ ಬರೆದದ್ದು. ಊರೂರು ಸುತ್ತಿ ಪಂಚಾಂಗ ಹೇಳುತ್ತಿದ್ದ ಗಣೇಶ ಎಂಬ ಬ್ರಾಹ್ಮಣ ಹುಡುಗ ಆ ಊರಿಗೆ ಬರುತ್ತಾನೆ. ಮಹಾರ್ ಜಾತಿಯ ಸಾರ್ಜಾ ಎಂಬ ಹುಡುಗಿಯ ಜೊತೆ ಪ್ರೀತಿಯಾಗುತ್ತೆ. ಅವಳು ಆರು ತಿಂಗಳ ಬಸುರಿ. ಗೊತ್ತಾದ ಕೂಡಲೇ ಊರವರು ಇಬ್ಬರನ್ನೂ ಹಿಡಿದು, ಹೊಡೆಯುತ್ತಾ ಬೀದಿಯಲ್ಲಿ ಮೆರವಣಿಗೆ ಮಾಡಿಸುತ್ತಾರೆ. ಕೊಂದೇಬಿಡೋಣ ಅನ್ನೋದು ಅವರ ತೀರ್ಮಾನ.

ಸುದ್ದಿ ಕೇಳಿ ಸಾವಿತ್ರಿಬಾಯಿ ಓಡಿ ಬಂದು ಗುಂಪಿನ ಮಧ್ಯೆ ನಿಂತರು. ಪ್ರೀತಿ ಪ್ರೇಮದ ಬಗ್ಗೆ ಅವರಿಗೆ ಉಪದೇಶ ಮಾಡಲಿಲ್ಲ. ಕೊಂದರೆ ಬ್ರಿಟಿಷ್ ಕಾನೂನು ನಿಮ್ಮನ್ನು ಬಿಡೋದಿಲ್ಲ ಅಂತ ನೇರವಾಗಿ ಹೆದರಿಸಿದರು. ಗುಂಪು ತಣ್ಣಗಾಯಿತು. ಇಬ್ಬರೂ ಊರು ಬಿಟ್ಟು ಹೋಗಬೇಕು ಅನ್ನೋ ಒಪ್ಪಂದವಾಯಿತು. ಇಬ್ಬರನ್ನೂ ಸಾವಿತ್ರಿಬಾಯಿ ಪುಣೆಗೆ, ಜ್ಯೋತಿಬಾ ಬಳಿಗೆ ಕಳಿಸಿಕೊಟ್ಟರು.

ಜಾತಿ ಮೀರಿ ಮದುವೆಯಾದ ಗರ್ಭಿಣಿ ಮಗಳನ್ನು ಹೆತ್ತವರೇ ಕೊಂದ ಸುದ್ದಿಯನ್ನು ನಾವು ಕರ್ನಾಟಕದಲ್ಲೇ ಓದಿದ್ದೇವೆ, ಅದೂ ಈ ಶತಮಾನದಲ್ಲಿ. ಹಾಗಾಗಿ ನಾಯ್‌ಗಾಂವ್‌ನ ಆ ಬೀದಿ ನಮಗೆ ದೂರದ್ದಲ್ಲ. ಗುಂಪಿನ ಮಧ್ಯೆ ಹೋಗಿ ನಿಂತ ಆ ಹೆಂಗಸು ಮಾತ್ರ ನಮ್ಮಲ್ಲಿ ಕಾಣಿಸುತ್ತಿಲ್ಲ.

ಬಿಟ್ಟುಹೋದ ಮಗು, ಮನೆಯ ವಾರಸುದಾರ

ಸಾವಿತ್ರಿಬಾಯಿ ಮತ್ತು ಜ್ಯೋತಿಬಾಗೆ ಮಕ್ಕಳಿರಲಿಲ್ಲ. ಇನ್ನೊಂದು ಮದುವೆಯಾಗು ಅಂತ ಬಂಧುಗಳು ಜ್ಯೋತಿಬಾಗೆ ಹೇಳಿದರು, ಅವರು ಒಪ್ಪಲಿಲ್ಲ. 1874ರಲ್ಲಿ ಒಬ್ಬ ಬ್ರಾಹ್ಮಣ ವಿಧವೆ ಅವರ ಮನೆಯಲ್ಲಿ ಗಂಡುಮಗುವನ್ನು ಹೆತ್ತರು. ಆ ಮಗುವನ್ನು ಅವರು ದತ್ತು ತೆಗೆದುಕೊಂಡು ಯಶವಂತ ಅಂತ ಹೆಸರಿಟ್ಟರು.

ಅನಾಥಾಲಯ ನಡೆಸುವವರು ಬಹಳ ಜನ ಇರುತ್ತಾರೆ. ಅಲ್ಲಿನ ಮಗುವಿಗೆ ಊಟ ಬಟ್ಟೆ ಕೊಡುವುದು ಬೇರೆ, ತನ್ನ ಹೆಸರು, ಆಸ್ತಿ ಕೊಡುವುದು ಬೇರೆ. ಫುಲೆ ದಂಪತಿ ಎರಡನೆಯದನ್ನು ಮಾಡಿದರು. 1887ರಲ್ಲಿ ಜ್ಯೋತಿಬಾ ಉಯಿಲು ಬರೆದು ಯಶವಂತನನ್ನು ವಾರಸುದಾರನನ್ನಾಗಿ ಮಾಡಿದರು. ಅವನನ್ನು ಓದಿಸಿ ಡಾಕ್ಟರ್ ಆಗುವ ದಾರಿಗೆ ಹಚ್ಚಿದರು. 1889ರ ಫೆಬ್ರವರಿ 4ರಂದು ಸತ್ಯಶೋಧಕ ಪದ್ಧತಿಯಲ್ಲಿ, ಪುರೋಹಿತರಿಲ್ಲದೆ, ಜ್ಞಾನೋಬಾ ಸಾಸನೆಯವರ ಮಗಳು ರಾಧಾ ಜೊತೆ ಅವನ ಮದುವೆಯಾಯಿತು. ಮದುವೆಗೂ ಮೊದಲೇ ರಾಧಾ ಬಂದು ಆ ಮನೆಯಲ್ಲಿ ಉಳಿದಿದ್ದಳು. ಹುಡುಗ ಹುಡುಗಿ ಒಬ್ಬರನ್ನೊಬ್ಬರು ಅರಿತುಕೊಳ್ಳಲಿ ಅನ್ನೋದು ಸಾವಿತ್ರಿಬಾಯಿಯ ಆಸೆ.

ಈ ದತ್ತು ಎಷ್ಟು ದೊಡ್ಡ ಸವಾಲಾಗಿತ್ತು ಅಂತ ಗೊತ್ತಾಗಿದ್ದು 1890ರ ನವೆಂಬರ್ 28ರಂದು ಜ್ಯೋತಿಬಾ ತೀರಿಕೊಂಡಾಗ. ಶವದ ಮುಂದೆ ಮಡಕೆ ಹಿಡಿದು ನಡೆಯುವವನೇ ವಾರಸುದಾರ ಅನ್ನೋದು ಅಲ್ಲಿನ ಸಂಪ್ರದಾಯ. ಯಶವಂತ ಮಡಕೆ ಹಿಡಿಯಲು ಬಂದಾಗ ಜ್ಯೋತಿಬಾರ ಅಣ್ಣನ ಕಡೆಯವರು ತಡೆದರು. ರಕ್ತಸಂಬಂಧ ತಮ್ಮದು, ಹಕ್ಕು ತಮ್ಮದು ಅಂದರು. ಹೆಣ ಅಂಗಳದಲ್ಲಿದ್ದಾಗ ಜಗಳ. ಐವತ್ತೊಂಬತ್ತು ವರ್ಷದ ಸಾವಿತ್ರಿಬಾಯಿ ಯಾರ ಜೊತೆಯೂ ವಾದಕ್ಕೆ ನಿಲ್ಲದೆ ಮಡಕೆಯನ್ನು ತಾವೇ ಎತ್ತಿಕೊಂಡು ಗಂಡನ ಶವದ ಮುಂದೆ ನಡೆದರು. ಹೆಂಗಸರು ಸ್ಮಶಾನದ ಕಡೆ ಮುಖ ಹಾಕಬಾರದು ಅನ್ನೋ ಕಾಲ. ಅದೂ ವಿಧವೆಯಾದ ದಿನವೇ. ಯಾವ ವೈಧವ್ಯದ ಮೂಲೆಯಿಂದ ಬೇರೆಯವರನ್ನು ಹೊರಗೆ ಕರೆತಂದಿದ್ದರೋ, ಆ ಮೂಲೆಗೆ ತಾವು ಹೋಗಿ ಕೂರಲಿಲ್ಲ. ಸತ್ಯಶೋಧಕ ಸಮಾಜದ ಕೆಲಸವನ್ನು ಮುಂದುವರಿಸಿದರು, 1893ರಲ್ಲಿ ಸಾಸ್ವಡ್‌ನಲ್ಲಿ ನಡೆದ ಅದರ ಸಭೆಗೆ ಅಧ್ಯಕ್ಷತೆ ವಹಿಸಿದರು.

ಬೆನ್ನ ಮೇಲಿನ ಹುಡುಗ

1897ರಲ್ಲಿ ಪುಣೆಗೆ ಪ್ಲೇಗ್ ಬಂತು. ಸೈನ್ಯದಲ್ಲಿ ವೈದ್ಯನಾಗಿದ್ದ ಯಶವಂತನನ್ನು ಕರೆಸಿಕೊಂಡು ಸಾವಿತ್ರಿಬಾಯಿ ಹಡಪ್ಸರ್ ಬಳಿಯ ಸಾಸನೆ ಮಾಳದಲ್ಲಿ ಆಸ್ಪತ್ರೆ ತೆರೆದರು. ಅದು ಯಶವಂತನ ಮಾವನ ಮನೆಯವರ ಜಮೀನು. ಆಗ ಜನ ರೋಗಕ್ಕೆ ಹೆದರಿ ಸ್ವಂತದವರನ್ನೇ ಬಿಟ್ಟು ಓಡುತ್ತಿದ್ದರು. ಮುಂಢವಾದ ಮಹಾರ್ ಕೇರಿಯಲ್ಲಿ ಪಾಂಡುರಂಗ ಎಂಬ ಹುಡುಗನಿಗೆ ಪ್ಲೇಗ್ ತಗುಲಿದೆ ಅಂತ ತಿಳಿದು ಹೋದವರು, ಅವನನ್ನು ತಮ್ಮ ಬೆನ್ನ ಮೇಲೆ ಹೊತ್ತುಕೊಂಡು ಆಸ್ಪತ್ರೆಗೆ ತಂದರು. ಹುಡುಗ ಬದುಕಿದ. ಸಾವಿತ್ರಿಬಾಯಿಗೆ ಸೋಂಕು ತಗುಲಿತು. 1897ರ ಮಾರ್ಚ್ 10ರ ರಾತ್ರಿ ತೀರಿಕೊಂಡರು. ಅರವತ್ತಾರು ವರ್ಷ.

ಒಂದು ಸಲ ಹಿಂತಿರುಗಿ ನೋಡಿ. ಕೊನೆಯ ದಿನಗಳಲ್ಲಿ ಪಕ್ಕದಲ್ಲಿ ನಿಂತು ರೋಗಿಗಳನ್ನು ನೋಡಿಕೊಂಡ ಡಾಕ್ಟರ್ ಯಾರು? ಪುಣೆ ಬದುಕಲು ಬಿಡಬಾರದು ಅಂದುಕೊಂಡಿದ್ದ ಒಂದು ಕೂಸು. ಬದುಕಿದ ಐದರಲ್ಲಿ ಒಂದು.

ನಮ್ಮ ಗೋಡೆಯ ಮೇಲೆ ಏನಿದೆ?

ಈಗ ಮೊದಲಿನ ಸುದ್ದಿಗೆ ವಾಪಸ್ ಬರೋಣ. ಮಗುವನ್ನು ಬಿಟ್ಟುಹೋದವರಿಗೆ ಶಿಕ್ಷೆ ವಿಧಿಸುವ ಸೆಕ್ಷನ್ 1860ರ ಭಾರತೀಯ ದಂಡ ಸಂಹಿತೆಯಲ್ಲಿ 317 ಆಗಿತ್ತು. 2024ರ ಜುಲೈನಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದೇ 93 ಆಗಿ ಕೂತಿದೆ. ಕಾಶೀಬಾಯಿಯ ಕಾಲದ ಕಾನೂನಿನ ಕಣ್ಣು ಇವತ್ತಿಗೂ ಮುಚ್ಚಿಲ್ಲ.

ಆದರೆ ಇನ್ನೊಂದು ಕಾನೂನೂ ಇದೆ, ಅದು ನಮಗೆ ಗೊತ್ತಿಲ್ಲ. 2015ರ ಬಾಲನ್ಯಾಯ ಕಾಯ್ದೆಯ ಸೆಕ್ಷನ್ 35ರ ಪ್ರಕಾರ, ತಮ್ಮ ಕೈಮೀರಿದ ದೈಹಿಕ, ಮಾನಸಿಕ ಅಥವಾ ಸಾಮಾಜಿಕ ಕಾರಣಗಳಿಂದ ಮಗುವನ್ನು ಸಾಕಲಾಗದವರು ಅದನ್ನು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಒಪ್ಪಿಸಬಹುದು. ಆಪ್ತಸಮಾಲೋಚನೆ ಇರುತ್ತೆ. ಮನಸ್ಸು ಬದಲಾದರೆ ಮಗುವನ್ನು ವಾಪಸ್ ಪಡೆಯೋಕೆ ಎರಡು ತಿಂಗಳ ಸಮಯ ಇರುತ್ತೆ. ಇಂಥ ವಿಚಾರಣೆಯಲ್ಲಿ ಹೆತ್ತವರ ಮೇಲೆ ಎಫ್‌ಐಆರ್ ಹಾಕುವಂತಿಲ್ಲ ಅಂತ ಕಾಯ್ದೆಯ ಮಾದರಿ ನಿಯಮಗಳು ಹೇಳುತ್ತವೆ. ತುರ್ತಿಗೆ ಮಕ್ಕಳ ಸಹಾಯವಾಣಿ 1098 ಇದೆ. ತಮಿಳುನಾಡಿನಲ್ಲಿ 1992ರಿಂದ ತೊಟ್ಟಿಲು ಯೋಜನೆ ಇದೆ.

ಅಂದರೆ ಬಾಗಿಲು ಇದೆ. ಆದರೆ ಗಂಜ್ ಪೇಟೆಯ ಬಾಗಿಲಿಗೂ ಇದಕ್ಕೂ ಇರುವ ವ್ಯತ್ಯಾಸ ನೋಡಿ. ಅದು ಕೂಗಳತೆಯ ಮನೆ, ಇದು ಜಿಲ್ಲಾ ಕೇಂದ್ರದ ಕಚೇರಿ. ಮನೆಯವರಿಗೆ ತಿಳಿಯದಂತೆ ಹಾಸ್ಟೆಲ್ ಬಾತ್‌ರೂಮಿನಲ್ಲಿ ಹೆತ್ತ ಹುಡುಗಿಗೆ, ಗಾರ್ಮೆಂಟ್ಸ್ ಕೆಲಸಕ್ಕೆ ಬಂದು ಮೋಸಹೋದವಳಿಗೆ, ನಡುರಾತ್ರಿಯಲ್ಲಿ ಸಮಿತಿಯ ವಿಳಾಸ ಯಾರು ಹೇಳಬೇಕು? ಅದನ್ನು ಯಾರೂ ಹೇಳದೇ ಇರುವಾಗ ಕಸದ ತೊಟ್ಟಿ ಹತ್ತಿರ ಕಾಣುತ್ತೆ. ಆ ಮೂವತ್ತು ಸಾವುಗಳು ಹೇಳುವ ಮಾತೂ ಇದೆ. ಬಾಗಿಲೊಂದೇ ಸಾಲದು, ಅದಕ್ಕೂ ಮೊದಲಿನ ಭಯ ಹೋಗಬೇಕು. ಲೈಂಗಿಕ ಶಿಕ್ಷಣ, ಸುರಕ್ಷಿತ ಗರ್ಭಪಾತದ ಮಾಹಿತಿ, ಮದುವೆಯಾಗದ ತಾಯಿಗೂ ಮರ್ಯಾದೆಯಿಂದ ಬಾಡಿಗೆ ಮನೆ ಸಿಗುವ ಊರು, ಇವೆಲ್ಲ ಇದ್ದಾಗಲೇ ಬಾಗಿಲಿಗೆ ಬರುವವರು ಸಮಯಕ್ಕೆ ಬರುತ್ತಾರೆ.

ಇಂಥ ಜಾಗ ಮಾಡಿದರೆ ಹೆಣ್ಣುಮಕ್ಕಳು ಕೆಟ್ಟುಹೋಗುತ್ತಾರೆ ಅನ್ನೋರು ಈಗಲೂ ಇದ್ದಾರೆ. ಅಂಥವರ ಒಪ್ಪಿಗೆಗೆ ಸಾವಿತ್ರಿಬಾಯಿ ಕಾಯಲಿಲ್ಲ. ಬೀದಿ ಮೂಲೆಯಲ್ಲಿ ಕಾಗದ ಅಂಟಿಸಿದರು, ಬಾಗಿಲು ತೆರೆದಿಟ್ಟರು.

ಮುಂದಿನ ಜನವರಿ 3ಕ್ಕೆ ಹಾರ ಹಾಕೋಣ, ಬೇಡ ಅನ್ನೋದಿಲ್ಲ. ಅದರ ಜೊತೆಗೆ ನಿಮ್ಮ ಕಾಲೇಜಿನ ಲೇಡೀಸ್ ಹಾಸ್ಟೆಲ್ಲಿನ ಗೋಡೆ, ಊರಿನ ಬಸ್ ಸ್ಟ್ಯಾಂಡು, ಸರ್ಕಾರಿ ಆಸ್ಪತ್ರೆಯ ಹೆರಿಗೆ ವಾರ್ಡು, ಗಾರ್ಮೆಂಟ್ಸ್ ಫ್ಯಾಕ್ಟರಿಯ ಗೇಟು ಒಮ್ಮೆ ನೋಡಿ ಬನ್ನಿ. ಮಗುವನ್ನು ಇಲ್ಲಿ ಒಪ್ಪಿಸಬಹುದು, ನಿನ್ನ ಮೇಲೆ ಕೇಸು ಹಾಕುವುದಿಲ್ಲ ಅಂತ ಕನ್ನಡದಲ್ಲಿ ಬರೆದ ಒಂದು ಕಾಗದ ಅಲ್ಲಿ ಇದೆಯಾ? ಇಲ್ಲದಿದ್ದರೆ, 1863ರಲ್ಲಿ ಅವರು ಮಾಡಿದ ಆ ಮೊದಲ ಕೆಲಸವನ್ನು ಈಗ ನಾವೇ ಮಾಡಬೇಕು. ಅದಕ್ಕೆ ಬೇಕಿರೋದು ಒಂದಿಷ್ಟು ಕಾಗದ, ಒಂದು ಡಬ್ಬಿ ಅಂಟು.